ತವರುಮನೆಗಾ, ಗಂಡನ ಮನೆಗಾ?

ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಆಟೋದವರನ್ನು ಮಾರಿಕಾಂಬಾ ದೇವಸ್ಥಾನಕ್ಕೆ ಬರ್ತೀರಾ ಎಂದು ಕೇಳಿದೆ. "ತವರುಮನೆಗಾ ಸರ್, ಗಂಡನ ಮನೆಗಾ?" ಎಂದರು. ನಾನು ಕಣ್ಣು ಕಣ್ಣು ಬಿಟ್ಟೆ. ಅವರೇ ನಕ್ಕು, "ಇವತ್ತು ಭಾನುವಾರ ಅಲ್ವಾ, ಅಮ್ಮ ಗಂಡನ ಮನೇಲಿದ್ದಾಳೆ, ಹತ್ತಿ" ಎಂದರು.

ಇದು 2020ರ ಫೆಬ್ರವರಿಯ ಸಾಗರ ಮಾರಿಕಾಂಬಾ ಜಾತ್ರೆಯ ಮಾತು. ಶಿವಮೊಗ್ಗದವನಾಗಿ ನನಗೆ ಅಷ್ಟು ಗೊತ್ತಿರಬೇಕಿತ್ತು. ನಮ್ಮೂರ ಕೋಟೆ ಮಾರಿಕಾಂಬೆಯೂ ಜಾತ್ರೆಯ ಮೊದಲ ದಿನ ಗಾಂಧಿ ಬಜಾರಿನಲ್ಲಿ ಕೂರುತ್ತಾಳೆ, ರಾತ್ರಿ ಮೆರವಣಿಗೆಯಲ್ಲಿ ಕೋಟೆಗೆ ಹೋಗುತ್ತಾಳೆ. ಬಜಾರು ತವರು, ಕೋಟೆ ಗಂಡನ ಮನೆ. ಸಾಗರದಲ್ಲಾದರೆ ಎರಡಕ್ಕೂ ಬೇರೆ ಬೇರೆ ದೇವಸ್ಥಾನಗಳೇ ಇವೆ. ನಮ್ಮಲ್ಲಿ ಎರಡು ವರ್ಷಕ್ಕೊಮ್ಮೆ ಜಾತ್ರೆ, ಶಿರಸಿಯಲ್ಲೂ ಹಾಗೇ. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ.

ಆ ಭಾನುವಾರ ಮೂರು ಗಂಟೆ ಸಾಲಿನಲ್ಲಿ ನಿಂತು, ಅರೆಕ್ಷಣ ದೇವಿಯ ಮುಖ ನೋಡಿ, ಗೋಬಿ ಮಂಚೂರಿ ತಿಂದು ವಾಪಸ್ ಬಂದೆ. ಮನೆಯಲ್ಲಿ ನನ್ನ ಅಮ್ಮನಿಗೆ ಹೇಳಿದರೆ ಮೂಗು ಮುರಿದಳು. "ತವರಲ್ಲಿ ಇರೋದೇ ಒಂದು ದಿನ. ಹೋದ್ರೆ ಮೊದಲ್ನೇ ದಿನ, ಮಂಗಳವಾರ ಹೋಗ್ಬೇಕು ಮಾರಾಯ. ಆಮೇಲೆ ಹೋದ್ರೆ ಬೀಗರ ಮನೇಲಿ ಹೋಗಿ ನೋಡ್ದಂಗೆ." ಅಮ್ಮನ ತವರು ಆನಂದಪುರದ ಹತ್ತಿರದ ಹಳ್ಳಿ. ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ಮೇಲೆ ಮೊದಲ ದಿನದ ಜಾತ್ರೆಗೆ ಅವಳು ಹೋಗಿಯೇ ಇರಲಿಲ್ಲ.

ಹಾಗಾಗಿ ಮೂರು ವರ್ಷ ಕಾದು, 2023ರ ಫೆಬ್ರವರಿ 7ರ ಮಂಗಳವಾರಕ್ಕೆ ರಜೆ ಹಾಕಿದೆ. ಕಾರು ಬೇಡ ಎಂದು ಮೊದಲೇ ತೀರ್ಮಾನ ಮಾಡಿದ್ದೆ. ಜಾತ್ರೆಯಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವುದು, ಆಮೇಲೆ ನಿಲ್ಲಿಸಿದ ಕಾರನ್ನೇ ಹುಡುಕುವುದು, ಯಾರಿಗೆ ಬೇಕು? ಬೆಳಗ್ಗೆ ಆರಕ್ಕೆ ಖಾಸಗಿ ಬಸ್ಸು ಹತ್ತಿದೆವು. ದಾರಿ ಎಪ್ಪತ್ತು ಕಿಲೋಮೀಟರ್ ಚಿಲ್ಲರೆ, ಸುಮಾರು ಎರಡು ಗಂಟೆ. ಆಯನೂರು ದಾಟುವವರೆಗೂ ಸೀಟು ಖಾಲಿ ಇತ್ತು. ಕುಂಸಿಯಲ್ಲಿ ರೇಷ್ಮೆ ಸೀರೆಗಳು ಹತ್ತಿದವು, ಚೋರಡಿಯಲ್ಲಿ ಇನ್ನಷ್ಟು. ಆನಂದಪುರ ಬರುವ ಹೊತ್ತಿಗೆ ಬಸ್ಸಿನೊಳಗೆ ಮಲ್ಲಿಗೆ ವಾಸನೆ ಬಿಟ್ಟರೆ ಬೇರೆ ಗಾಳಿಯೇ ಇರಲಿಲ್ಲ. ಅಮ್ಮ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಅವಳೂರಿನ ಕಡೆ ನೋಡುತ್ತಿದ್ದಳು.

ಉಡಿ ತುಂಬುವ ಸಾಮಾನನ್ನು ಮನೆಯಿಂದಲೇ ಕಟ್ಟಿಕೊಂಡಿದ್ದೆವು. ಅಕ್ಕಿ, ತೆಂಗಿನಕಾಯಿ, ಹಸಿರು ರವಿಕೆ ಕಣ, ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ಅರಿಶಿನ ಕುಂಕುಮ, ಒಂದು ಡಜನ್ ಬಳೆ. ದೇವಸ್ಥಾನದ ಮುಂದೆ ತಟ್ಟೆ ಕಟ್ಟಿ ಮಾರುತ್ತಾರೆ, ನಿಜ. ಆದರೆ "ಮಗಳಿಗೆ ಅಂಗಡೀಲಿ ಕಟ್ಟಿಸಿದ್ದು ಕೊಡ್ತಾರೇನೋ?" ಎಂದು ಅಮ್ಮ ಗದರಿದ್ದಳು. ನನ್ನ ತಪ್ಪು ಅಂದ್ರೆ ಬಾಳೆಹಣ್ಣನ್ನು ಚೀಲದ ತಳಕ್ಕೆ ಹಾಕಿದ್ದು. ತೆಂಗಿನಕಾಯಿ ಅದರ ಮೇಲೆ ಕೂತು ಬಂದಿತ್ತು. ಸಾಗರದಲ್ಲಿ ಬೇರೆ ಹಣ್ಣು ತಗೊಂಡೆವು, ಜಾತ್ರೆ ರೇಟಿಗೆ.

ತವರುಮನೆಯ ಸಾಲು ಎಂಟೂವರೆಗೇ ಬೀದಿಗೆ ಬಂದಿತ್ತು. ಅಂದರೆ ಮಂಗಳವಾರ ಜನ ಕಡಿಮೆ ಅಂತಲ್ಲ. ಇನ್ನೂ ಜಾಸ್ತಿಯೇ ಇರಬಹುದು. ಆದರೆ ಸಾಲಿನ ಮಾತೇ ಬೇರೆ. ಭಾನುವಾರ ಎಲ್ಲರೂ ಫೋನು ಹಿಡಿದು ನಿಂತಿದ್ದರು. ಇವತ್ತು ಮುಂದಿದ್ದ ಅಜ್ಜಿ ಅಮ್ಮನನ್ನು ಯಾವೂರು, ಯಾರ ಮನೆ ಎಂದು ಕೇಳಿ, ಅರ್ಧ ಗಂಟೆಯಲ್ಲಿ ದೂರದ ನೆಂಟಸ್ತಿಕೆಯೊಂದನ್ನು ಹೊರಗೆ ತೆಗೆದರು. ಎರಡೂವರೆ ಗಂಟೆ ಹೇಗೆ ಹೋಯಿತೋ. ಒಳಗೆ ಹೋದರೆ ಕೆಂಪು ಮುಖ, ಅಗಲ ಕಣ್ಣು, ಕುತ್ತಿಗೆ ಕಾಣದಷ್ಟು ಹೂವು. ಅಮ್ಮ ಉಡಿ ಕೊಟ್ಟು ಏನೋ ಪಿಸುಗುಟ್ಟಿದಳು. ಏನೆಂದು ನಾನು ಕೇಳಲಿಲ್ಲ.

ಹೊರಗೆ ಬಂದ ಮೇಲೆ ನಾವು ತಪ್ಪಿಸಿಕೊಂಡೆವು. ಫೋನು ಮಾಡಿದರೆ ಸಿಗ್ನಲ್ ಇಲ್ಲ. ಅಷ್ಟು ಜನ ಒಂದೇ ಕಡೆ ಸೇರಿದರೆ ನೆಟ್‌ವರ್ಕ್ ಕೈಕೊಡುತ್ತದೆ. ಜಾತ್ರೆಗೆ ಹೋಗುವವರು ಬಸ್ಸಿನಲ್ಲೇ ಕೂತು ಒಂದು ಜಾಗ ಗೊತ್ತು ಮಾಡಿಕೊಳ್ಳಿ, ಅದೂ ಅಂಗಡಿ ಬೇಡ, ಒಂದೇ ಥರದ ಅಂಗಡಿ ಹತ್ತಿರುತ್ತವೆ. ನಾನು ಅದನ್ನು ಮಾಡಿರಲಿಲ್ಲ. ಮುಕ್ಕಾಲು ಗಂಟೆ ತೊಟ್ಟಿಲು, ಬೆಂಡು ಬತ್ತಾಸಿನ ಸಾಲು, ಪಾತ್ರೆ ಅಂಗಡಿ ಎಲ್ಲ ಸುತ್ತಿದೆ. ಕೊನೆಗೆ ಸಿಕ್ಕಿದ್ದು ಬಳೆ ಅಂಗಡಿಯಲ್ಲಿ. ಮಣೆ ಮೇಲೆ ಕೂತು ಕೈ ಚಾಚಿದ್ದಳು. ಬಳೆಗಾರ ಅವಳ ಬೆರಳುಗಳನ್ನು ಒತ್ತಿ ಹಿಡಿದು, ಹೆಬ್ಬೆರಳಿನ ಬುಡದಲ್ಲಿ ಒಂದು ಸಲ ನಿಲ್ಲಿಸಿ, ಮೆಲ್ಲನೆ ತಿರುವಿ ಹಸಿರು ಗಾಜಿನ ಬಳೆ ಏರಿಸುತ್ತಿದ್ದರು. ಒಂದೂ ಒಡೆಯಲಿಲ್ಲ. "ಎಲ್ಲಿ ಹೋಗಿದ್ದೆ ನೀನು?" ಎಂದು ನನ್ನನ್ನೇ ಕೇಳಿದಳು!

ಮಧ್ಯಾಹ್ನ ಮಂಡಕ್ಕಿ ಮಿರ್ಚಿ ತಿಂದೆವು. ಅದಕ್ಕಿಂತ ನೆನಪಿರುವುದು ತೊಡೆದೇವು. ಒಲೆಯ ಮೇಲೆ ಬೋರಲು ಹಾಕಿದ ಮಡಕೆ. ಅಕ್ಕಿ ಹಿಟ್ಟನ್ನು ಕಬ್ಬಿನ ಹಾಲಿನಲ್ಲಿ ಕಲಸಿ, ಚೂರು ಅರಿಶಿನ ಹಾಕಿರುತ್ತಾರೆ. ಬಟ್ಟೆ ಸುತ್ತಿದ ಕೋಲನ್ನು ಅದರಲ್ಲಿ ಅದ್ದಿ ಮಡಕೆಯ ಬೆನ್ನಿಗೆ ಬಳಿದರೆ ಚುರ್ ಎನ್ನುತ್ತದೆ. ಅಂಚು ಏಳುವಷ್ಟರಲ್ಲಿ ಬಿಡಿಸಿ ಮಡಚಬೇಕು, ತಡವಾದರೆ ಮುರಿಯುತ್ತದೆ. ಕಾಗದಕ್ಕಿಂತ ತೆಳು. ನಾನು ನಾಲ್ಕು ತಿಂದೆ, ಮನೆಗೆ ಕಟ್ಟಿಸಿದ್ದು ಪುಡಿಯಾಗಿ ಬಂತು. ಅದನ್ನು ಹಾಲಿಗೆ ಹಾಕಿಕೊಂಡು ತಿಂದದ್ದಾಯ್ತು.

ಒಂದು ದಿನದ ಓಡಾಟದಲ್ಲಿ ಕೈತಪ್ಪುವುದು ರಾತ್ರಿಯ ಮೆರವಣಿಗೆ. ದೇವಿ ತವರು ಬಿಟ್ಟು ಗಂಡನ ಮನೆಗೆ ಹೊರಡುವುದು ಆಗಲೇ, ಜಾತ್ರೆಯ ಜೀವ ಇರುವುದೂ ಅಲ್ಲೇ. ಮಾರನೇ ದಿನ ನನಗೆ ಡ್ಯೂಟಿ ಇತ್ತು, ಬಸ್ಸಿನ ಭಯವೂ ಇತ್ತು. ಏಳು ಗಂಟೆಗೆ ಅಮ್ಮನನ್ನು ಎಬ್ಬಿಸಿಕೊಂಡು ಹೊರಟೆ. ಸೀಟು ಸಿಗಲಿಲ್ಲ. ಆನಂದಪುರದವರೆಗೂ ನಿಂತೇ ಬಂದಳು.

ಅಲ್ಲಿ ಯಾರೋ ಇಳಿದು ಜಾಗವಾಯಿತು. ಕೂತವಳು ಕಿಟಕಿ ಕಡೆ ತಿರುಗಿ, "ಈಗ ಹೊರಡ್ಸಿರ್ತಾರೆ" ಎಂದಳು. ಬಳೆ ಹಾಕಿದ ಕೈಯನ್ನು ಚೀಲದ ಮೇಲೆ ಇಟ್ಟುಕೊಂಡು ಕುಂಸಿಯವರೆಗೂ ಮಾತಾಡಲಿಲ್ಲ.