ಸರ್‌ಗೆ ಕಾಸರವಳ್ಳಿ, ನಿಮಗೆ ಯಶ್: ಸಿನಿಮಾ ಪ್ರಾಜೆಕ್ಟ್ ಒಪ್ಪಿಸೋದು ಹೇಗೆ

ಧಾರವಾಡದಲ್ಲಿ ಪತ್ರಿಕೋದ್ಯಮ ಓದುತ್ತಾ ಸಿನಿಮಾ ಪೇಪರ್ ತಗೊಂಡಿದ್ದೀರಾ? ಹಾಗಾದರೆ ಈ ತಿಕ್ಕಾಟ ನಿಮಗೆ ಗೊತ್ತೇ ಇರುತ್ತದೆ. ನೀವು ‘ಕೆಜಿಎಫ್’ ಮೇಲೆ ಪ್ರಾಜೆಕ್ಟ್ ಮಾಡ್ತೀನಿ ಅಂತೀರಿ. ಸರ್ ಕನ್ನಡಕ ತೆಗೆದು ಮೇಜಿನ ಮೇಲೆ ಇಡುತ್ತಾರೆ. ‘ಘಟಶ್ರಾದ್ಧ ನೋಡೀಯೇನಪಾ?’ ನೋಡಿರುವುದಿಲ್ಲ. ಅಲ್ಲಿಗೆ ಮಾತು ಮುಗಿಯಿತು.

ಮೊದಲು ಕಲೆಕ್ಷನ್ ಲೆಕ್ಕ ಬಿಡಿ. ಎಷ್ಟು ಕೋಟಿ ಬಂತು, ಹುಬ್ಬಳ್ಳಿಯಲ್ಲಿ ಟಾಕೀಸಿನ ಮುಂದೆ ಎಷ್ಟು ಮಂದಿ ಇದ್ದರು ಅನ್ನುವುದೆಲ್ಲ ಜನಕ್ಕೆ ಹಿಡಿಸಿತು ಅನ್ನೋದನ್ನ ಹೇಳುತ್ತದೆ, ಅಷ್ಟೇ. ಅದನ್ನ ಸರ್ ಇಲ್ಲ ಅಂದಿಲ್ಲವಲ್ಲ. ‘ಮಾಸ್’, ‘ಎಲಿವೇಷನ್’ ಅಂತ ಬರೆದು ಮುಂದಿನ ಸಾಲಿಗೆ ಹೋಗಬೇಡಿ. ಹೀರೊ ಬರುವ ಮುಂಚೆ ಯಾರ್ಯಾರು ಅವನ ಬಗ್ಗೆ ಮಾತಾಡಿದರು, ಮುಖ ಎಷ್ಟು ಹೊತ್ತು ಮುಚ್ಚಿಟ್ಟರು, ಸದ್ದು ಯಾವಾಗ ನಿಂತಿತು ಅಂತ ಬರೆಯಿರಿ.

ಇನ್ನು ಮುಖ್ಯವಾದದ್ದು. ಎರಡೂ ಸಿನಿಮಾಗಳಿಗೆ ಕೇಳಬಹುದಾದ ಒಂದೇ ಪ್ರಶ್ನೆ ಹಿಡಿಯಿರಿ. ನನ್ನ ಪ್ರಕಾರ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಪ್ರಶ್ನೆ: ಈ ಕತೆಯನ್ನ ನಾವು ಯಾರ ಮೂಲಕ ನೋಡುತ್ತಿದ್ದೇವೆ?

2018ರ ‘ಕೆಜಿಎಫ್’ನಲ್ಲಿ ಹೀರೊ ರಾಕಿಯ (ಅಂದರೆ ಯಶ್) ಕತೆ ಹೇಳುವವನು ಆನಂದ್ ಇಂಗಳಗಿ ಅನ್ನೋ ಪತ್ರಕರ್ತ, ಅಂದರೆ ಅನಂತ್‌ನಾಗ್. (ಅಡ್ಡಹೆಸರು ನಮ್ಮ ಕಡೆಯದು, ಗಮನಿಸಿದಿರಾ?) ಅವನು ಬರೆದ ಪುಸ್ತಕವನ್ನ ಸರ್ಕಾರ ನಿಷೇಧಿಸಿದೆ, ಈಗ ಟಿವಿಯವರ ಮುಂದೆ ಕೂತು ಹೇಳುತ್ತಿದ್ದಾನೆ. 2022ರ ಎರಡನೇ ಭಾಗದಲ್ಲಿ ಆ ಕೆಲಸ ಅವನ ಮಗನಿಗೆ, ಪ್ರಕಾಶ್ ರಾಜ್‌ಗೆ ಬರುತ್ತದೆ. ಹಾಗಾದರೆ ನಾವು ನೋಡಿದ ರಾಕಿ ನಿಜವಾದ ರಾಕಿಯೋ, ಇಂಗಳಗಿ ಉಬ್ಬಿಸಿ ಹೇಳಿದ ರಾಕಿಯೋ? ಇಂಗಳಗಿ ಕಣ್ಣಾರೆ ನೋಡಿರಲು ಸಾಧ್ಯವೇ ಇಲ್ಲದ ಎಷ್ಟು ದೃಶ್ಯಗಳಿವೆ, ಪಟ್ಟಿ ಮಾಡಿ.

ಈಗ 1977ರ ‘ಘಟಶ್ರಾದ್ಧ’. ಗಿರೀಶ್ ಕಾಸರವಳ್ಳಿಯವರ ಮೊದಲ ಸಿನಿಮಾ, ರಾಷ್ಟ್ರಪ್ರಶಸ್ತಿಯ ಸ್ವರ್ಣ ಕಮಲ ಬಂದದ್ದು. ವೇದ ಕಲಿಯಲು ಬಂದ ಪುಟ್ಟ ಹುಡುಗ ನಾಣಿ ಇದ್ದಾನೆ. ವಿಧವೆ ಯಮುನಕ್ಕನಿಗೆ ಆಗುತ್ತಿರುವುದನ್ನ ಅವನು ನೋಡುತ್ತಾನೆ, ಆದರೆ ಪೂರ್ತಿ ಅರ್ಥ ಆಗುವುದಿಲ್ಲ. ಅರ್ಥ ಮಾಡಿಕೊಳ್ಳಬೇಕಾದವರು ನಾವು. ಅಲ್ಲಿ ಒಬ್ಬ ತಾನು ನೋಡದ್ದನ್ನೂ ಹೇಳುತ್ತಾನೆ, ಇಲ್ಲಿ ಒಬ್ಬ ನೋಡಿದ್ದನ್ನೂ ಹೇಳಲಾರ. ನಿಮ್ಮ ಪ್ರಾಜೆಕ್ಟ್ ಇಲ್ಲೇ ಸಿಕ್ಕಿತು.

ನಿಧಾನದ ಸಿನಿಮಾ ನೋಡುವುದಕ್ಕೂ ಒಂದು ರೀತಿ ಇದೆ. ಮೆಸ್ಸಿನ ಊಟ ಮುಗಿಸಿ, ರಾತ್ರಿ ಮೊಬೈಲಿನಲ್ಲಿ, ಸ್ಪೀಡ್ ಜಾಸ್ತಿ ಮಾಡಿಕೊಂಡು ನೋಡಿದರೆ ಯಾವ ಸಿನಿಮಾನೂ ನಿದ್ದೆಯೇ. ಬೆಳಗ್ಗೆ ನೋಡಿ. ಇಲ್ಲಿ ಜನ ಯಾವುದಕ್ಕೆ ಕಾಯುತ್ತಿದ್ದಾರೆ ಅಂತ ಕೇಳಿಕೊಳ್ಳಿ. ‘ಸಂಸ್ಕಾರ’ದಲ್ಲಿ ನಾರಣಪ್ಪನ ಹೆಣ ಬಿದ್ದಿದೆ, ಅದನ್ನ ಸುಡುವವರೆಗೆ ಅಗ್ರಹಾರದವರು ಉಣ್ಣುವ ಹಾಗಿಲ್ಲ, ಸುಡುವವರು ಯಾರು ಅಂತ ತೀರ್ಮಾನ ಆಗುತ್ತಿಲ್ಲ. ಇದಕ್ಕಿಂತ ಸಸ್ಪೆನ್ಸ್ ಬೇಕಾ?

ಶಾಟ್ ಎಣಿಸಿ, ಸುಲಭ. ಒಂದು ಫೈಟಿನಿಂದ ಎರಡು ನಿಮಿಷ, ‘ಘಟಶ್ರಾದ್ಧ’ದಿಂದ ಎರಡು ನಿಮಿಷ. ದೃಶ್ಯ ಕತ್ತರಿಸಿದಾಗೆಲ್ಲ ಒಂದು ಗೀಟು ಹಾಕಿ. 120 ಸೆಕೆಂಡಿನಲ್ಲಿ 40 ಶಾಟ್ ಬಂದರೆ ಒಂದೊಂದಕ್ಕೆ ಸರಾಸರಿ 3 ಸೆಕೆಂಡು. ಆ ಅಂಕಿಯ ಪಕ್ಕದಲ್ಲಿ ಅದರಿಂದ ನಮಗೆ ಏನು ಕಾಣದೇ ಹೋಯಿತು ಅಂತಲೂ ಬರೆಯಿರಿ, ಇಲ್ಲದಿದ್ದರೆ ಅದು ಬರೀ ಲೆಕ್ಕ.

ಸರ್ ‘ಹೊಡೆದಾಟದ ಸಿನಿಮಾದಾಗ ಏನೈತಿ’ ಅಂದರೆ 1978ರ ‘ಒಂದಾನೊಂದು ಕಾಲದಲ್ಲಿ’ ನೆನಪಿಸಿ. ಜಪಾನಿನ ನಿರ್ದೇಶಕ ಕುರೊಸಾವಾ ಸಿನಿಮಾಗಳ ಗುಂಗಿನಲ್ಲಿ ಮಾಡಿದ ಕತ್ತಿ ಕಾಳಗದ ಸಿನಿಮಾ ಅದು. ಹೀರೊ ಶಂಕರ್‌ನಾಗ್, ನಿಮ್ಮ ಇಂಗಳಗಿಯ ಸ್ವಂತ ತಮ್ಮ. ನಿರ್ದೇಶಕರು ‘ಸಂಸ್ಕಾರ’ದಲ್ಲಿ ಪ್ರಾಣೇಶಾಚಾರ್ಯರ ಪಾತ್ರ ಮಾಡಿದವರೇ, ಅಂದರೆ ಇದೇ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ್ ಕಾರ್ನಾಡರು. ಸುಮ್ನೆ ಗೆಲ್ಲೋಕೆ ಹೇಳಬೇಡಿ, ನೋಡಿಕೊಂಡು ಹೋಗಿ ಹೇಳಿ. ಎರಡನೇ ಪ್ರಶ್ನೆ ಬಂದೇ ಬರುತ್ತದೆ.

ಕ್ಲಾಸಿನಲ್ಲಿ ಎಲ್ಲರ ಮುಂದೆ ವಾದ ಬೇಡ. ಸ್ಟಾಫ್ ರೂಮಿಗೆ ಹೋಗಿ ಕೇಳಿ: ‘ಸರ್, ಘಟಶ್ರಾದ್ಧದಾಗ ಹುಡುಗ ನೋಡ್ತಾನ್ರಿ, ಕೆಜಿಎಫ್‌ದಾಗ ಇಂಗಳಗಿ ಹೇಳ್ತಾನ್ರಿ. ಎರಡೂ ಹೋಲಿಸಿ ಬರೀಲೇನ್ರಿ?’ ನಿಮ್ಮ ಸಿನಿಮಾದ ಸೋಲನ್ನೂ ಬರೆಯಿರಿ. ನನಗಂತೂ ಎರಡನೇ ಭಾಗದಲ್ಲಿ ಸದ್ದು ಕತೆಗಿಂತ ಮುಂದೆ ಓಡುತ್ತದೆ ಅನಿಸುತ್ತದೆ. ಅವರ ಸಿನಿಮಾ ಬೋರಾದರೆ ಅದೂ ಹೇಳಿ, ಆದರೆ ಯಾವ ದೃಶ್ಯದಲ್ಲಿ ಅಂತ ಹೇಳಿ.

ಆಗಲೂ ಒಪ್ಪಲಿಲ್ಲ ಅಂದರೆ ಹತ್ತು ನಿಮಿಷದ ಸೆಮಿನಾರ್ ಕೇಳಿಕೊಳ್ಳಿ. ಒಂದೇ ಫೈಟನ್ನ ಮೊದಲು ಸದ್ದಿಲ್ಲದೆ, ಆಮೇಲೆ ರವಿ ಬಸ್ರೂರ್ ಸಂಗೀತದ ಜೊತೆ ತೋರಿಸಿ. ಡಿಪಾರ್ಟ್‌ಮೆಂಟಿನ ಸ್ಪೀಕರ್ ನಂಬಬೇಡಿ, ಹಾಸ್ಟೆಲಿನಿಂದ ಒಂದು ತಗೊಂಡು ಹೋಗಿ.