ಸೇವಾ ಪುಸ್ತಕ ಮೊದಲು, ಎಚ್‌ಆರ್‌ಎಂಎಸ್ ಆಮೇಲೆ: ಪೊಲೀಸರ ವೇತನ ನಿಗದಿ

1963ರ ಕರ್ನಾಟಕ ಪೊಲೀಸ್ ಕಾಯ್ದೆಯನ್ನು ತಿರುವಿ ಹಾಕಿದರೂ ಕಾನ್‌ಸ್ಟೆಬಲ್‌ನ ಸಂಬಳ ಅದರಲ್ಲಿ ಸಿಗದು. ಅದಿರುವುದು 1978ರ ರಾಜ್ಯ ಸಿವಿಲ್ ಸೇವೆಗಳ ಕಾಯ್ದೆಯಡಿ ಬಂದ ಪರಿಷ್ಕೃತ ವೇತನ ನಿಯಮಗಳಲ್ಲಿ. ಈಗಿನದು 2024ರದ್ದು. ಐಪಿಎಸ್ ಅಧಿಕಾರಿಗಳಿಗೆ ಕೇಂದ್ರದ ನಿಯಮ ಬೇರೆಯೇ ಇದೆ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿಯಲ್ಲಿ, ಠಾಣೆಯ ಉಳಿದ ಸಿಬ್ಬಂದಿಗೆಲ್ಲ ಈ 2024ರ ನಿಯಮವೇ.

ತಾರೀಖು ಎರಡು. 1-7-2022ರಿಂದ ನಿಗದಿ (ಹಳೆಯ ಸಂಬಳವನ್ನು ಹೊಸ ಶ್ರೇಣಿಗೆ ಕೂರಿಸುವುದು) ಕಾಲ್ಪನಿಕ, ಅಂದರೆ ಲೆಕ್ಕಕ್ಕಷ್ಟೇ; 1-8-2024ರಿಂದ ಹಣ ಕೈಗೆ. ನಡುವಿನ 25 ತಿಂಗಳಿಗೆ ಬಾಕಿ ಇಲ್ಲ, ಆದರೆ ಆ ಅವಧಿಯ ಇನ್‌ಕ್ರಿಮೆಂಟ್‌ಗಳನ್ನು ಹೊಸ ಶ್ರೇಣಿಯಲ್ಲೇ ಎಣಿಸಬೇಕು. ತಪ್ಪುಗಳು ಹುಟ್ಟುವುದು ಹೆಚ್ಚಾಗಿ ಇಲ್ಲೇ.

1-7-2022ರಂದು 25,200 ಮೂಲ ವೇತನವಿದ್ದ ಕಾನ್‌ಸ್ಟೆಬಲ್‌ನನ್ನು ತೆಗೆದುಕೊಳ್ಳಿ. ಶೇ 31 ತುಟ್ಟಿಭತ್ಯೆ 7,812, ಶೇ 27.5 ಫಿಟ್‌ಮೆಂಟ್ (ಪರಿಷ್ಕರಣೆಯಲ್ಲಿ ಸೇರಿಸುವ ಹೆಚ್ಚಳ) 6,930. ಮೂರೂ ಸೇರಿ 39,942. ಹೊಸ 37,500–76,100 ಶ್ರೇಣಿಯಲ್ಲಿ ಆ ಅಂಕಿಯ ಹಂತವಿಲ್ಲ, ಅದರ ಮೇಲಿನದು 40,300. ಅಲ್ಲಿಗೆ ನಿಗದಿ. 23,500ರಲ್ಲಿದ್ದವನಿಗೆ 37,248 ಬರುತ್ತದೆ, ಶ್ರೇಣಿಯ ಕನಿಷ್ಠಕ್ಕೂ ಕಡಿಮೆ. ಅವನಿಗೆ ನೇರ 37,500.

ಈಗ ಸಿಕ್ಕು. ಇನ್‌ಕ್ರಿಮೆಂಟ್ ಜನವರಿ 1ಕ್ಕೆ ಇಲ್ಲವೇ ಜುಲೈ 1ಕ್ಕೆ. ಜುಲೈನವರಿಗೆ ನಿಗದಿಯ ದಿನವೂ ಇನ್‌ಕ್ರಿಮೆಂಟ್ ದಿನವೂ ಒಂದೇ. 24,600ರಲ್ಲಿದ್ದವನಿಗೆ ಹಳೆಯದರಲ್ಲಿ ಏರಿಸಿ 25,200 ಮಾಡಿ ನಿಗದಿಪಡಿಸಿದರೂ 40,300, ಮೊದಲು 39,300ಕ್ಕೆ ನಿಗದಿಪಡಿಸಿ ಹೊಸದರಲ್ಲಿ ಏರಿಸಿದರೂ 40,300. ಹಾಳೆಯಲ್ಲಿ 41,300 ಕಂಡರೆ ಒಂದೇ ಇನ್‌ಕ್ರಿಮೆಂಟ್ ಎರಡು ಸಲ ಸೇರಿದೆ ಎಂದೇ ಅರ್ಥ.

ತಾಳೆ ನೋಡಲು ನಾವು ಬಳಸುವ ದಾರಿ ಸುಲಭದ್ದು. ಇದೇ ಕಾನ್‌ಸ್ಟೆಬಲ್‌ನ ಹಳೆಯ ಮೂಲ ವೇತನ ಜುಲೈ 2024ಕ್ಕೆ 26,400 ಆಗಿರುತ್ತದೆ. ಅದನ್ನು 1.585ರಿಂದ (ಮೂಲ ವೇತನ 1, ತುಟ್ಟಿಭತ್ಯೆ 0.31, ಫಿಟ್‌ಮೆಂಟ್ 0.275) ಗುಣಿಸಿ: 41,844, ಮೇಲಿನ ಹಂತ 42,300. ಹೊಸ ಶ್ರೇಣಿಯಲ್ಲಿ 40,300ರಿಂದ ಎರಡು ಹೆಜ್ಜೆ ಏರಿದರೂ 42,300. ಎರಡೂ ಕೂಡಿದರೆ ಸಹಿಗೆ ಇಡಿ. ಕೂಡದಿದ್ದರೆ ಮೊದಲು ಸಂಬಳವಿಲ್ಲದ ರಜೆ, ಅಮಾನತು, ಇನ್‌ಕ್ರಿಮೆಂಟ್ ತಡೆದ ಶಿಕ್ಷೆಯ ಆದೇಶ ಹುಡುಕಿ. ಬಡ್ತಿಯಾಗಿದ್ದರೆ ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ (ಕೆಸಿಎಸ್‌ಆರ್) 42-ಬಿ ಪ್ರಕಾರ ಹೊಸ ಶ್ರೇಣಿಯಲ್ಲೇ ಮರುನಿಗದಿ ಮಾಡಬೇಕು. 10 ವರ್ಷದ ಕಾಲಮಿತಿ ಬಡ್ತಿ, 15 ವರ್ಷದ ವಿಶೇಷ ಬಡ್ತಿ ಈ ನಡುವೆ ಬಿದ್ದಿವೆಯೇ ಎಂಬುದನ್ನೂ ನೋಡಿ.

ನೌಕರನ ಇಡೀ ಸೇವೆಯ ದಾಖಲೆಯಾದ ಸೇವಾ ಪುಸ್ತಕದಲ್ಲಿ ಬಹಳ ಸಲ ಬಿಟ್ಟುಹೋಗಿರುವ ನಮೂದು 1-8-2019ರದ್ದು. ಪೊಲೀಸರ ವೇತನ ಕುರಿತ ಔರಾದ್ಕರ್ ಸಮಿತಿಯ ವರದಿಯ ಮೇಲೆ ಕಾನ್‌ಸ್ಟೆಬಲ್ ಶ್ರೇಣಿ 23,500–47,650ಕ್ಕೆ ಏರಿದ್ದು ಆಗ. (ಹಳಬರಿಗೆ ಅದರಿಂದ ಏನೂ ದಕ್ಕಲಿಲ್ಲವೆಂಬ ಅಸಮಾಧಾನ ಇನ್ನೂ ಆರಿಲ್ಲ, ಅದರಲ್ಲಿ ತಥ್ಯವೂ ಇದೆ.) ಆ ಸಾಲು ಇಲ್ಲದಿದ್ದರೆ 2024ರ ನಿಗದಿ ಹಾಳೆಗೆ ಬುಡವೇ ಇರುವುದಿಲ್ಲ. ಎಚ್‌ಆರ್‌ಎಂಎಸ್ (ಸರ್ಕಾರಿ ನೌಕರರ ಸಂಬಳದ ಗಣಕ ವ್ಯವಸ್ಥೆ) ಅದನ್ನು ಕೇಳುವುದಿಲ್ಲ, ಹಾಕಿದ ಅಂಕಿಯನ್ನು ಹಾಗೇ ನುಂಗುತ್ತದೆ. ಕೇಳುವುದು ಪಿಂಚಣಿ ಕಡತ ಮಹಾಲೇಖಪಾಲರ (ಎ.ಜಿ.) ಕಚೇರಿ ತಲುಪಿದಾಗ. ಹೆಚ್ಚು ಪಾವತಿಯಾಗಿದ್ದರೆ ‘ಸಿ’ ಗುಂಪಿನ ನೌಕರನಿಂದ ವಸೂಲಿ ಮಾಡುವುದೂ ಸುಲಭವಲ್ಲ, ಸುಪ್ರೀಂ ಕೋರ್ಟ್‌ನ 2014ರ ರಫೀಕ್ ಮಸೀಹ್ ತೀರ್ಪು ಅಡ್ಡ ಬರುತ್ತದೆ. ಆಗ ಪ್ರಶ್ನೆ ತಿರುಗುವುದು ಬಿಲ್ಲಿಗೆ ಸಹಿ ಹಾಕಿ ಹಣ ಸೆಳೆಯುವ ಅಧಿಕಾರಿಯ (ಡಿಡಿಓ) ಕಡೆಗೆ.

ಮನೆ ಬಾಡಿಗೆ ಭತ್ಯೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಶೇ 7.5. ಹುಬ್ಬಳ್ಳಿಯಿಂದ ಶಿರಸಿಗೆ ವರ್ಗವಾಗಿ ಬಂದವರದು ಶೇ 15 ಎಂದೇ ಉಳಿದಿರುತ್ತದೆ. 42,300ರ ಮೇಲೆ ತಿಂಗಳಿಗೆ 3,172 ರೂಪಾಯಿಯ ವ್ಯತ್ಯಾಸ. ಮೊದಲ ಬಿಲ್ಲಿನಲ್ಲೇ ಸರಿಪಡಿಸಿ.

ಕೊನೆಗೆ ಪುಸ್ತಕದ ಮಾತು. ಕರಾವಳಿಯ ಮಳೆಗಾಲದಲ್ಲಿ ಕಬ್ಬಿಣದ ಕಪಾಟಿನೊಳಗಿದ್ದರೂ ಸೇವಾ ಪುಸ್ತಕದ ಹಾಳೆಗಳು ಒಂದಕ್ಕೊಂದು ಅಂಟುತ್ತವೆ, ಜೆಲ್ ಪೆನ್ನಿನ ಬರಹ ಹಿಂದಿನ ಪುಟಕ್ಕೆ ಇಳಿಯುತ್ತದೆ. ನಿಗದಿ ನಮೂದನ್ನು ಬಾಲ್‌ಪೆನ್ನಿನಲ್ಲಿ ಬರೆಯಿರಿ. ಹಳೆಯ ಮೂಲ ವೇತನ, ಹೊಸದು, ಮುಂದಿನ ಇನ್‌ಕ್ರಿಮೆಂಟ್ ದಿನ, ಆದೇಶ ಸಂಖ್ಯೆ ನಾಲ್ಕೂ ಇರಲಿ. ಸಹಿಯಾದ ಪುಟದ ಜೆರಾಕ್ಸ್ ತೆಗೆದಿಟ್ಟುಕೊಂಡೇ ಪುಸ್ತಕವನ್ನು ಟಪಾಲಿಗೆ ಕೊಡಿ.