ಮಳೆಗೆ ಸಿಕ್ಕ ಉಪ್ಪರಿಗೆ ಹಲಗೆ: ಕಟ್ಟುವಾಗಲೇ ಕಾಪಾಡುವ ಬಗೆ

ಮಲೆನಾಡಿನಲ್ಲಿ ಮಾಡಿಗೆ ಹೆಂಚು ಹೊದಿಸುವ ಮೊದಲು ಉಪ್ಪರಿಗೆಗೆ ಹಲಗೆ ಹಾಸದಿರುವುದೇ ಲೇಸು. ತೊಲೆ, ಜಂತೆ ಕೂರಿಸಿ, ಓಡಾಡಲು ನಾಲ್ಕು ಸೆಂಟ್ರಿಂಗ್ ಹಲಗೆ ಇಟ್ಟುಕೊಂಡು ಮಾಡಿನ ಕೆಲಸ ಮುಗಿಸಿ. ತೀರ್ಥಹಳ್ಳಿ, ಹೊಸನಗರದ ಕಡೆ ಆರಿದ್ರೆ ಹಿಡಿದರೆ ಆಶ್ಲೇಷ ಕಳೆಯುವವರೆಗೂ ಮರ ಒಣಗುವಂಥ ಬಿಸಿಲು ಸಿಗುವುದು ಅಪರೂಪ. ಮಾಡಿಗೆ ಮೊದಲೇ ಹಾಸಬೇಕಾಗಿ ಬಂದರೆ ಹೀಗೆ ಕಾಪಾಡಿಕೊಳ್ಳಿ.

ಪ್ಲೈವುಡ್ ಹಾಸುವುದಾದರೆ ಐಎಸ್ 710 ಗುರುತಿನ (ನೀರು ತಡೆಯುವ ಮರೈನ್ ದರ್ಜೆಯ) 18 ಅಥವಾ 19 ಮಿ.ಮೀ. ಶೀಟೇ ಬೇಕು. ಎಂಆರ್ (ತೇವವನ್ನಷ್ಟೇ ತಡೆಯುವ) ದರ್ಜೆಯದು ಅಗ್ಗ, ಆದರೆ ಇಲ್ಲಿನ ಮಳೆಗೆ ಅಲ್ಲ. ಶೀಟು ನೀರು ಕುಡಿಯುವುದು ಹೆಚ್ಚಾಗಿ ಕತ್ತರಿಸಿದ ಅಂಚಿನಿಂದ. ಒಮ್ಮೆ ಉಬ್ಬಿದ ಅಂಚು ಒಣಗಿದರೂ ಪೂರ್ತಿ ಇಳಿಯುವುದಿಲ್ಲ. ಹಾಗಾಗಿ ಕತ್ತರಿಸಿದ ದಿನವೇ ನಾಲ್ಕೂ ಅಂಚಿಗೆ ಎರಡು ಕೋಟು ಎಪಾಕ್ಸಿ ಪ್ರೈಮರ್ ಬಳಿಯಿರಿ. ಶೀಟುಗಳ ನಡುವೆ 3 ಮಿ.ಮೀ., ಗೋಡೆಯ ಬದಿಗೆ 10 ಮಿ.ಮೀ. ಸಂದು ಬಿಡಿ. ಜಂತೆ 16 ಇಂಚಿಗೊಂದು. 2 ಇಂಚಿನ ಸ್ಕ್ರೂ ಅಂಚಿನಲ್ಲಿ 6 ಇಂಚಿಗೆ, ನಡುವೆ 12 ಇಂಚಿಗೆ. ಮೊಳೆ ಹೊಡೆದರೆ ಮರ ಹಿಗ್ಗಿ ಕುಗ್ಗುವಾಗ ಅದು ಮೇಲೆದ್ದು, ಕಾಲಿಟ್ಟಲ್ಲೆಲ್ಲ ಕಿರ್ ಎನ್ನುತ್ತದೆ.

ಟಾರ್ಪಾಲನ್ನು ಹಲಗೆಯ ಮೇಲೇ ಹಾಸಿಬಿಡುವುದು ಎಲ್ಲೆಲ್ಲೂ ಕಾಣುವ ತಪ್ಪು. ಅಡಿಯಲ್ಲಿ ತೇವ ಸಿಕ್ಕಿಕೊಂಡು ಕೆಲವೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಅಡಿಕೆ ದಬ್ಬೆಯನ್ನೋ ಬಿದಿರನ್ನೋ ಕಟ್ಟಿ, ನಡು ಎತ್ತರಿಸಿ, ಎರಡೂ ಕಡೆ ಇಳಿಜಾರು ಕೊಟ್ಟು ಹೊದಿಸಿ, ಗಾಳಿ ಆಡಲಿ. ತುದಿ ಗೋಡೆಯಿಂದ ಎರಡಡಿ ಹೊರಗೆ ಚಾಚಬೇಕು. ಇಲ್ಲದಿದ್ದರೆ ಜಂಬಿಟ್ಟಿಗೆ ಗೋಡೆ ನೀರು ಹೀರಿ ತೊಲೆಯ ತುದಿಗೆ ದಾಟಿಸುತ್ತದೆ. ತೊಲೆ ಕೊಳೆಯಲು ಶುರುವಾಗುವುದೂ ಅಲ್ಲಿಂದಲೇ. ಗೋಡೆಯ ಗೂಡಿನಲ್ಲಿ ತೊಲೆಯ ಅಡಿಗೆ ಡಾಂಬರು ಫೆಲ್ಟ್ (ಡಾಂಬರು ಹಿಡಿಸಿದ ದಪ್ಪ ಹಾಳೆ) ಹಾಕಿ, ಪಕ್ಕ ಮತ್ತು ಹಿಂದೆ ಅರ್ಧ ಇಂಚು ಖಾಲಿ ಬಿಡಿಸಿ. ಮೇಸ್ತ್ರಿಗಳು ಗಾರೆ ತುಂಬಿ ಚೊಕ್ಕಟ ಮಾಡಲು ಹೊರಡುತ್ತಾರೆ, ಬಿಡಬೇಡಿ.

ಮಳೆ ಬಿದ್ದದ್ದಕ್ಕಿಂತ ನೀರು ನಿಂತದ್ದು ಕೆಡುಕು. ಮಳೆ ನಿಂತ ಕೂಡಲೇ ಗುಡಿಸಿ. ಮತ್ತೆ ಮತ್ತೆ ನೀರು ನಿಲ್ಲುವ ತಗ್ಗಿನಲ್ಲಿ 12 ಮಿ.ಮೀ. ತೂತು ಕೊರೆದುಬಿಡಿ, ಆಮೇಲೆ ಮರದ ಬೆಣೆಯಿಂದ ಮುಚ್ಚಬಹುದು. ಒರಲೆಗೆಂದು ಬೋರಾಕ್ಸ್–ಬೋರಿಕ್ ದ್ರಾವಣ ಹೊಡೆಯುವುದಿದ್ದರೆ ಮಾಡು ಮುಗಿದ ಮೇಲೆ. ಮಳೆಗೆ ಅದು ತೊಳೆದು ಹೋಗುತ್ತದೆ.

ಮರದ ತೇವ ಶೇ. 20 ದಾಟಿ ಹಾಗೇ ಉಳಿದರೆ ಕೊಳೆಸುವ ಶಿಲೀಂಧ್ರಕ್ಕೆ ಹಬ್ಬ. ಮೇಲುಹಾಸು ಹಾಕುವ ಮೊದಲು ತೇವ ಅಳೆಯುವ ಮೀಟರು ಶೇ. 14ಕ್ಕಿಂತ ಕೆಳಗೆ ತೋರಿಸಬೇಕು, ಹಲಗೆಯ ಅಡಿಭಾಗದಲ್ಲೂ. ಮೀಟರು ಇಲ್ಲವೇ? ಜೊತೆಯಲ್ಲೇ ನೆನೆದ ಒಂದು ತುಂಡನ್ನು ಅಲ್ಲೇ ಇಟ್ಟು ಎರಡು ದಿನಕ್ಕೊಮ್ಮೆ ತೂಗಿ. ತೂಕ ಇಳಿಯುತ್ತಿರುವವರೆಗೂ ಕಾಯಲೇಬೇಕು. ತೂಕ ನಿಂತಿತೆಂದು ಮಳೆಗಾಲದಲ್ಲೇ ಹೊರಡಬೇಡಿ, ಆಗ ಗಾಳಿಯಲ್ಲೇ ತೇವವಿರುತ್ತದೆ. ಡಿಸೆಂಬರ್ ನಂತರ ನೋಡಿ. ಕೆಳಗೆ ಪ್ಲಾಸ್ಟರ್ ಕ್ಯೂರಿಂಗ್ ನಡೆಯುತ್ತಿದ್ದರೆ ಕಿಟಕಿಗಳೆಲ್ಲ ತೆರೆದಿರಲಿ. ಬೆಂಕಿ ಹಾಕಿ ಒಣಗಿಸಲು ಹೋದರೆ ಹಲಸಿನ ಹಲಗೆಯೂ ಸೀಳುತ್ತದೆ.

ಕೊನೆಗೆ ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದಲ್ಲಿ ಪದರ ಬಿಟ್ಟಿದೆ ಎಂದೇ ಲೆಕ್ಕ. ಅಷ್ಟು ಭಾಗವನ್ನು ಜಂತೆಯ ನಡುಮಧ್ಯಕ್ಕೆ ಕೊಯ್ದು ತೆಗೆದು ಹೊಸ ಶೀಟು ಕೂರಿಸಿ.